ಹೂವು ಚಿವುಟಿದ ಸಸಿ

ಲೀಸ್ಟರ್, ಇಂಗ್ಲೆಂಡ್
೧೮ ಮೇ ೨೦೦೩, ರವಿವಾರ

ರಾಜೇಶ್ವರಿಯ ಅಪ್ಪನವರಿಗೆ ಶಟ್ಟೆವ್ವಳ ಶರಣು ಶರಣಾರ್ಥಿ.

ಕಾಗದ ಬರೆಯಲು ತಡವಾಯಿತು, ತಪ್ಪು ನನ್ನದು. ಆದರೆ ನೀವೂ ಒಂದು ಬರೆಯಬಹುದಿತ್ತು. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು, ನೀವು ಏಳನೆಯದು ಪಾಸು. ನಿಮ್ಮ ಕೈಗೇನಾಗಿದೆ? ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಅಳಿಯ ನಿಂಗರಾಜ ಬರೆಯುತ್ತಾನೆ. ಬಾಯಲ್ಲಿ ಆಡದ ಗಂಡನ ಹೆಸರನ್ನು ನಾನು ಪೆನ್ನಿನಲ್ಲೂ ಆಡುವವಳಲ್ಲ.

ನಿಮ್ಮ ತಮ್ಮ ದುಂಡಪ್ಪನಿಗೆ ಫೋನಿನಲ್ಲಿ ನಿಂಗರಾಜ ಹೇಳಿದ್ದು ನಿಮಗೆ ಮುಟ್ಟಿರಬೇಕು. ಗಂಡು ಕೂಸು. ತುಂಬಿದ ದಿನಕ್ಕೇ ಬಂತು, ಉಸಿರು ತರಲಿಲ್ಲ. ಇಂದಿಗೆ ಇಪ್ಪತ್ತನಾಲ್ಕು ದಿನ. ಇಲ್ಲಿ ಮಕ್ಕಳನ್ನು ಮಣ್ಣಿನಲ್ಲಿ ಇಡುವುದಕ್ಕೇ ಒಂದು ಬೇರೆ ಜಾಗವಿದೆ. ನಮ್ಮಲ್ಲಿ ಹೆತ್ತವಳನ್ನು ಕೂಸಿನ ಮಣ್ಣಿಗೆ ಕಳಿಸುವುದಿಲ್ಲ. ಇಲ್ಲಿ ರಾಜೇಶ್ವರಿಯೇ ಎತ್ತಿಕೊಂಡು ಹೋಗಿ ಇಟ್ಟಳು. ಉಸಿರು ಬಾರದ ಕೂಸಿಗೂ ಇಲ್ಲಿ ಹೆಸರಿಡುತ್ತಾರೆ, ಕಲ್ಲು ನಿಲ್ಲಿಸುತ್ತಾರೆ.

ನಾನು ಬಾಣಂತನಕ್ಕೆಂದು ಬಂದವಳು. ನೆಗೆಣ್ಣಿ ತಾಯವ್ವ ಕಟ್ಟಿಕೊಟ್ಟ ಅಂಟು, ಕೊಬ್ಬರಿ, ಉತ್ತತ್ತಿ ಡಬ್ಬಿಯಲ್ಲಿದ್ದವು. ಕೂಸಿಲ್ಲದಿದ್ದರೂ ಬಾಣಂತಿ ಬಾಣಂತಿಯೇ ಎಂದು ಉಂಡಿ ಕಟ್ಟಿದೆ. ಅವಳು ಮುಟ್ಟಲಿಲ್ಲ. ಬಿಸಿನೀರು ಕಾಸಿ ಕರೆದೆ, ಬಾಗಿಲು ಹಾಕಿಕೊಂಡಳು. ಕೂಸು ಹೋದ ದಿನದಿಂದ ನಿಮ್ಮ ಮಗಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅವಳು ರಜೆಯಲ್ಲಿ, ನರ್ಸ್ ಕೆಲಸಕ್ಕೆ ಇನ್ನೂ ಹೋಗುತ್ತಿಲ್ಲ. ನಿಂಗರಾಜ ಬ್ರೆಡ್ಡಿನ ಕಾರ್ಖಾನೆಗೆ ಹೋದಮೇಲೆ ಇಬ್ಬರೇ ಹೆಂಗಸರು ಮನೆಯಲ್ಲಿ, ಒಬ್ಬರ ಚಪ್ಪಲಿ ಸಪ್ಪಳ ಒಬ್ಬರು ಕೇಳುತ್ತಾ ಕೂರುತ್ತೇವೆ. ಮುನವಳ್ಳಿಯಲ್ಲಿ ಜಗಳವಾಡಲಿಕ್ಕಾದರೂ ಯಾರಾದರೂ ಸಿಗುತ್ತಾರೆ. ಇಲ್ಲಿ ಕಿಟಕಿಯಲ್ಲಿ ನಿಂತರೆ ಒಂದು ಬೆಕ್ಕು ಹಾದುಹೋಗುತ್ತದೆ, ಅದೂ ನನ್ನತ್ತ ನೋಡುವುದಿಲ್ಲ.

ಸಂಜೆ ಅಳಿಯ ಬಂದರೆ ಮಾತು ಅವನ ಮೂಲಕ ಓಡಾಡುತ್ತದೆ.

"ಅತ್ತೀ, ಊಟ ಆತೇನ್ರಿ ಅಂತ ರಾಜಿ ಕೇಳಾಕತ್ತಾಳ."

"ನಾ ಇಲ್ಲೇ ಕುಂತೇನಿ, ಅಕಿ ಅಲ್ಲೇ ಕುಂತಾಳ. ನೀ ಏನು ಪೋಸ್ಟಮನ್ ಏನಪಾ?"

ಅವನು ನಕ್ಕ. ಅವಳು ಎದ್ದು ಒಳಗೆ ಹೋದಳು.

ನಿನ್ನೆ ಕೂಸಿನ ಜಾಗದಲ್ಲಿ ನೆಡಲು ಒಂದು ಸಸಿ ತರೋಣವೆಂದು ನಿಂಗರಾಜ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಗಾರ್ಡನ್ ಸೆಂಟರ್ ಅನ್ನುತ್ತಾರೆ ಆ ಅಂಗಡಿಗೆ. ನಮ್ಮ ಸಂತೆ ಬಯಲಿನಷ್ಟು ಅಗಲ, ಮೇಲೆ ಗಾಜಿನ ಮಾಡು. ಸಸಿಗಳನ್ನು ಸಾಲಾಗಿ ಮೇಜಿನ ಮೇಲೆ ಇಟ್ಟಿದ್ದಾರೆ, ಪ್ರತಿಯೊಂದಕ್ಕೂ ಹೆಸರಿನ ಚೀಟಿ. ಮಣ್ಣನ್ನೂ ಚೀಲದಲ್ಲಿ ತುಂಬಿ ಮಾರುತ್ತಾರೆ. ಗೊಬ್ಬರದ ಚೀಲಕ್ಕೆ ಮೂಗು ಹಚ್ಚಿ ನೋಡಿದೆ, ವಾಸನೆಯೇ ಇಲ್ಲ. ಒಂದು ಮೂಲೆಯಲ್ಲಿ ಮುದುಕ ಮುದುಕಿಯರು ಚಹಾ ಕುಡಿಯುತ್ತಾ ಕೇಕು ತಿನ್ನುತ್ತಿದ್ದರು. ಆದರೂ ಸುಳ್ಳು ಯಾಕೆ ಹೇಳಲಿ, ಇಲ್ಲಿಗೆ ಬಂದ ಎರಡು ತಿಂಗಳಲ್ಲಿ ನನ್ನ ಕೈಗೆ ಗುರುತಿರುವ ಜಾಗವೆಂದರೆ ಅದೊಂದೇ. ನೀರು ಹಾಕಿದ ಹಸಿ ಮಣ್ಣಿನ ನಡುವೆ ನಿಂತಾಗ ಹೊಳೆದಂಡೆಯ ನಮ್ಮ ಮೆಣಸಿನ ಮಡಿಗಳಲ್ಲಿ ನಿಂತ ಹಾಗಾಯಿತು.

ರಾಜೇಶ್ವರಿ ಸಾಮಾನಿಡುವ ಗಾಡಿ ತಳ್ಳಿಕೊಂಡು ಮುಂದೆ ಹೋದಳು. ನಾನು ಬಿಳಿ ಹೂವಿನ ಒಂದು ಸಸಿ ಆರಿಸಿದೆ. ಕುಂಡ ಬೋರಲು ಹಾಕಿ ತಟ್ಟಿ ಬೇರು ನೋಡಿದೆ. ಚೆನ್ನಾಗಿತ್ತು. ಆದರೆ ಮೈತುಂಬ ಹೂವು ಬಿಟ್ಟುಕೊಂಡೇ ಮಾರಾಟಕ್ಕೆ ಇಟ್ಟಿದ್ದರು. ಮೂವತ್ತು ವರ್ಷ ಸಸಿ ಬೆಳೆಸಿ ಮಾರಿದವಳು ನಾನು. ನಾಟಿಗೆ ಹೋಗುವ ಅಗಿಯಲ್ಲಿ ಹೂವಿದ್ದರೆ ಗಿರಾಕಿಯ ಎದುರಿಗೇ ಚಿವುಟಿ ಕೊಡುವುದು ನಮ್ಮ ಪದ್ಧತಿ. ಇಲ್ಲದಿದ್ದರೆ ಗಿಡ ಹೂವನ್ನು ಸಾಕುತ್ತಾ ಬೇರು ಇಳಿಸುವುದನ್ನೇ ಮರೆಯುತ್ತದೆ. ಚಿವುಟಿದೆ. ಕೈ ಅಷ್ಟಕ್ಕೇ ನಿಲ್ಲಲಿಲ್ಲ. ಪಕ್ಕದ್ದು, ಅದರ ಪಕ್ಕದ್ದು, ಒಂದು ತಟ್ಟೆಯ ಸಸಿಗಳೆಲ್ಲ ಬೋಳಾದವು. ಚಿವುಟಿದ ಹೂವುಗಳು ನನ್ನ ಸೆರಗಿನಲ್ಲಿ. ಹಸಿರು ಏಪ್ರನ್ ತೊಟ್ಟ ಅಂಗಡಿಯವನೊಬ್ಬ ಬಂದು ಏನೋ ಕೇಳಿದ. ನಿಂಗರಾಜ ಓಡಿ ಬಂದ.

"ಅತ್ತೀ, ಏನ್ ಮಾಡಾಕತ್ತೀರಿ? ಇದು ಅಂಗಡೀರೀ!"

"ಅಂಗಡಿ ಅಂತ ನನಗೂ ಗೊತ್ತೈತಪಾ. ಹೂವಿದ್ದ ಅಗಿ ಮಾರತಾರಲ್ಲ, ನಾಚಿಕಿ ಬ್ಯಾಡೇನು? ಹೇಳು ಅವಗ."

"ನಾ ಹೆಂಗ್ ಹೇಳ್ಲಿರಿ? ಇಲ್ಲಿ ಮಂದಿ ಹೂವು ನೋಡೇ ತಗೋತಾರ."

"ಹಂಗಾರ ವಾರದಾಗ ಒಣಗಿಸ್ಕೊಂಡು ಮತ್ತ ಬರತಾರ. ಚಲೋ ವ್ಯಾಪಾರ!"

ಅಷ್ಟರಲ್ಲಿ ರಾಜೇಶ್ವರಿ ಗಾಡಿ ಬಿಟ್ಟು ಬಂದಳು. ನನ್ನ ಕೈ ನೋಡಿದಳು, ಬೋಳು ಸಸಿಗಳನ್ನು ನೋಡಿದಳು.

"ಬಿಡ ಅವ್ವಾ! ಕೈ ತಗಿ ಅಲ್ಲಿಂದ!"

ಇಪ್ಪತ್ತಮೂರು ದಿನಗಳ ಮೇಲೆ ಅವ್ವಾ ಎಂದಳು. ಬೈದರೂ ಬೈಯಲಿ, ಕರೆದಳಲ್ಲ ಎಂದು ಒಂದು ಗಳಿಗೆ ಹಿಗ್ಗಿದೆ. ಅವಳು ನಿಲ್ಲಿಸಲಿಲ್ಲ.

"ದವಾಖಾನ್ಯಾಗೂ ಇದನ್ನ ಅಂದಿ. ಅವನ ಮಾರಿ ಮ್ಯಾಲೆ ಇನ್ನೂ ಬಟ್ಟಿ ಮುಚ್ಚಿದ್ದಿಲ್ಲ. ಮೊದಲನೇ ಹೂವು ಚಿವುಟಿದ್ವಿ ಅಂತ ತಿಳಿ, ಗಿಡ ಗಟ್ಟಿ ಆಗತೈತಿ, ಅಳಬ್ಯಾಡ ಅಂದಿ. ನನ್ನ ಮಗಾ ನಿನಗ ಮೆಣಸಿನಕಾಯಿ ಅಗಿ ಮ್ಯಾಲಿನ ಹೂವೇನವ್ವಾ?"

ಅಂದದ್ದು ನಿಜ. ಅವಳ ಅಳು ನಿಲ್ಲಿಸಬೇಕಿತ್ತು, ನನಗೆ ಬೇರೆ ಮಾತು ತೋಚಿರಲಿಲ್ಲ. ಸೆರಗಿನ ಹೂವುಗಳನ್ನು ಮುಚ್ಚಿ ಹಿಡಿದೆ. ಅಂಗಡಿಯವನು ನಾವು ಹೂವಿಗಾಗಿಯೇ ಜಗಳವಾಡುತ್ತಿದ್ದೇವೆ ಎಂದುಕೊಂಡು, ಇರಲಿ ಬಿಡಿ ಎಂಬಂತೆ ಕೈ ಆಡಿಸಿದ. ನಿಂಗರಾಜ ಬೋಳು ಸಸಿಗಳನ್ನೆಲ್ಲ ತಾನೇ ಕೊಂಡ. ರಾಜೇಶ್ವರಿ ತಿರುಗಿ ಹೋಗಿ, ಹೂವು ತುಂಬಿದ ಬೇರೆ ಸಸಿ ತಂದಳು.

ಅಲ್ಲಿಂದ ನೇರ ಕೂಸಿನ ಹತ್ತಿರ ಹೋದೆವು. ಹೂವಿದ್ದ ಸಸಿಗೆ ಅವಳೇ ಕುಣಿ ತೋಡಿದಳು. ಅರ್ಧ ಗೇಣೂ ಇರಲಿಲ್ಲ ಅದು. ಇನ್ನಷ್ಟು ಆಳ ಮಾಡು ಎಂದು ನಾಲಿಗೆಯ ತುದಿಗೆ ಬಂತು, ನುಂಗಿದೆ. ದೂರದ ನಲ್ಲಿಯಿಂದ ನೀರು ತಂದೆ. "ಇಡು ಅಲ್ಲೇ" ಎಂದಳು. ಇಟ್ಟು ಹಿಂದೆ ಸರಿದು ನಿಂತೆ. ಗಂಡ ಹೆಂಡತಿ ಇಬ್ಬರೂ ಬಗ್ಗಿ ಮಣ್ಣು ಒತ್ತುತ್ತಿದ್ದರು. ಕಾರಿನ ತನಕ ಒಬ್ಬಳೇ ನಡೆದು ಬಂದೆ.

ಇವತ್ತು ಬೆಳಿಗ್ಗೆ ನಿಂಗರಾಜ ಗಂಟಲು ಸರಿಮಾಡಿಕೊಂಡು ಕೇಳಿದ: "ಅತ್ತೀ, ಬ್ಯಾಸರ ಆಗಿದ್ರ ಊರಿಗೆ ಹೋಗೂ ಟಿಕೀಟು ಮುಂಚೇನ ಮಾಡಸ್ಲೇನ್ರಿ?" ಯಾರು ಕೇಳಿಸಿದ್ದೆಂದು ನನಗೆ ತಿಳಿಯದೇ? ಬುಧವಾರ ಹೇಳುತ್ತೇನೆ ಎಂದೆ. ಹೀಗೆ ಬಂದರೆ ನಾನು ಮಗಳನ್ನು ಇಲ್ಲೇ ಕಳೆದುಕೊಂಡು ಬಂದಂತೆ.

ಮೆಣಸಿನ ಬೀಜ ಮಡಿಗೆ ಬಿತ್ತುವ ಹೊತ್ತಾಯಿತು. ದುಂಡಪ್ಪ ಒತ್ತಾಗಿ ಚೆಲ್ಲುತ್ತಾನೆ, ಅವನ ಕೈಗೆ ಬಿಡಬೇಡಿ. ತಾಯವ್ವ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಲಿ. ಅವಳ ಮಕ್ಕಳಿಗೆ ನನ್ನ ಆಶೀರ್ವಾದ, ಅವರ ಹೊಟ್ಟೆ ತಣ್ಣಗಿರಲಿ. ನಿಮ್ಮ ಪಾದಕ್ಕೆ ಶರಣು.

ನಿಮ್ಮ ಮನೆಯಾಕೆ
ಶಟ್ಟೆವ್ವ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದನ್ನು ಬರೆಯುತ್ತೇನೆ. ರಾಜೇಶ್ವರಿಗೆ ಅಂದ ಆ ಮಾತು ನನ್ನದಲ್ಲ, ನಿಮ್ಮ ಅವ್ವನದು. ಸವದತ್ತಿ ದವಾಖಾನೆಯಲ್ಲಿ ನಮ್ಮ ಮೊದಲನೆಯದು ಹೋದಾಗ ನನ್ನ ತಲೆ ಸವರಿ ಅಂದದ್ದು. ನನಗೆ ಆಗ ಹದಿನೆಂಟು. ಮಾರಿ ನೋಡಬ್ಯಾಡ ಎಂದರು, ನೋಡಲಿಲ್ಲ. ಹೆಣ್ಣು ಎಂಬುದಷ್ಟೇ ಗೊತ್ತು. ನೀವು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದಿರಿ, ಬಂದು ಕೈಕಾಲು ತೊಳೆದು ಊಟಕ್ಕೆ ಕುಳಿತಿರಿ. ಮೂವತ್ತೆರಡು ವರ್ಷವಾಯಿತು, ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ಈಗ ಕೇಳುತ್ತೇನೆ, ಎಲ್ಲಿ ಇಟ್ಟಿರಿ? ನಮ್ಮ ಹೊಲದಲ್ಲೋ, ಹೊಳೆಯ ದಂಡೆಯಲ್ಲೋ? ನಾನು ತಿಳಿಯದೆ ಅದರ ಮೇಲೆ ಓಡಾಡಿದ್ದೇನೆಯೋ? ಫೋನಿನಲ್ಲಿ ಬೇಡ, ಊರಿನ ಫೋನಿನ ಅಂಗಡಿಯಲ್ಲಿ ನಾಲ್ಕು ಜನ ಕೇಳುತ್ತಾರೆ. ಕಾಗದದಲ್ಲೇ ಬರೆಯಿರಿ. ರಾಜೇಶ್ವರಿಗೆ ನಾನು ಎಲ್ಲವನ್ನೂ ಹೇಳಬೇಕೆಂದಿದ್ದೇನೆ, ನಿನ್ನೆ ಆ ಸಸಿಗಳ ನಡುವೆಯೇ ಹೇಳಬೇಕಿತ್ತು. ಆದರೆ ಹೇಳಿದರೆ ಅವಳು ಮೊದಲು ಕೇಳುವುದು ಇದನ್ನೇ. ಹೆತ್ತ ತಾಯಿ ನಾನು, ಗೊತ್ತಿಲ್ಲ ಎಂದು ಹೇಗೆ ಹೇಳಲಿ?