ನಾರಿನಲ್ಲಿ ಕಟ್ಟಿದ ಹವಳ

ಪ್ರೀತಿಯ ಮಾವನಿಗೆ,

ಲೇಕ್ ಗಾರ್ಡನ್ಸಿನ ಮನೆಯಿಂದ ನಿಮ್ಮ ಸೊಸೆ ಬರೆಯುತ್ತಿದ್ದೇನೆ. ನಿಮ್ಮ ಗಾಜಿನ ತೊಟ್ಟಿಯ ಎದುರು, ನಿಮ್ಮ ಬೆತ್ತದ ಕುರ್ಚಿಯಲ್ಲೇ ಕೂತಿದ್ದೇನೆ. ಕುರ್ಚಿಯ ಎಡಗೈ ಇನ್ನೂ ಅಲುಗಾಡುತ್ತದೆ. ಸುಧೀರ ರಿಪೇರಿ ಮಾಡಿಸುತ್ತೇನೆ ಎನ್ನುತ್ತಲೇ ಇದ್ದಾರೆ. ನಿಮ್ಮ ಮಗ ಅಲ್ಲವೇ, ಹೇಳಿದರೆ ಅರ್ಧ ಕೆಲಸ ಮುಗಿದಂತೆ! ನಿಮಗೆ ಮುಟ್ಟಿಸಲೇಬೇಕಾದ ಒಂದು ಸುದ್ದಿ ಇದೆ. ಆದರೆ ನೇರ ಸುದ್ದಿಗೆ ಬಂದರೆ ನೀವು ಒಪ್ಪುವುದಿಲ್ಲ, "ಬುಡದಿಂದ ಹೇಳು" ಎನ್ನುತ್ತೀರಿ. ಆಗಲಿ, ಬುಡದಿಂದಲೇ ಹೇಳುತ್ತೇನೆ.

ಮದುವೆಯಾಗಿ ಮೈಸೂರಿನಿಂದ ಬಂದ ಹೊಸತರಲ್ಲಿ ನೀವು ನನ್ನನ್ನು ಈ ತೊಟ್ಟಿಯ ಮುಂದೆ ಕೂರಿಸಿದ್ದು ನೆನಪಿದೆಯೇ? ಒಳಗೆ ಅಣಬೆಯ ಆಕಾರದ್ದೊಂದು, ಕೊಡೆಯ ಮೇಲೆಲ್ಲ ನೂರಾರು ಎಳೆಬೆರಳು, ನೀರಿನ ಓಟಕ್ಕೆ ತೂಗುತ್ತಿದ್ದವು. "ಇದು ಕಲ್ಲೂ ಅಲ್ಲ, ಗಿಡವೂ ಅಲ್ಲ, ಪ್ರಾಣಿ. ಹವಳದಲ್ಲಿ ಮೆತ್ತನೆ ಜಾತಿ. ಮುಟ್ಟಿದ್ರೆ ಹಲಸಿನ ತೊಳೆ ಮುಟ್ಟಿದ ಹಾಗೆ ಉಂಟು" ಎಂದಿರಿ. ಆ ಬೆರಳುಗಳಿಗೆ ಪುಸ್ತಕದಲ್ಲಿ ಪಾಲಿಪ್ ಎಂದು ಹೆಸರು, ನಿಮ್ಮ ಬಾಯಲ್ಲಿ ಮಾತ್ರ ಮೊಗ್ಗು. ಓಣಿಯಾಚೆಯ ಗೆಳೆಯ ಬಿಮಲ್‌ದಾ ತಮ್ಮ ತೊಟ್ಟಿಯದರಿಂದ ಒಂದು ಚೂರು ಕತ್ತರಿಸಿ ಕೊಟ್ಟಿದ್ದರಂತೆ. ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ ತಂದೆ ಎಂದು ನಕ್ಕಿರಿ. ಉಡುಪಿಯ ಕಡಲ ಬದಿಯಲ್ಲಿ ಹುಟ್ಟಿ, ಹೌರಾದ ರೈಲ್ವೆ ಸಿಗ್ನಲ್ ಆಫೀಸಿನಲ್ಲಿ ತಲೆ ನರೆತ ಮನುಷ್ಯ ನೀವು. ಪೆನ್ಷನ್ ಬಂದ ಮೇಲೆ ಹಜಾರದಲ್ಲಿ ಒಂದು ಕಡಲು ಕಟ್ಟಿಕೊಂಡಿದ್ದೀರಿ ಎಂದು ನನಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು.

ಆಗ ಸೆಕ್ಟರ್ ಫೈವ್‌ನಲ್ಲಿ ಎಲ್ಲಿ ನೋಡಿದರೂ ಹೊಸ ಗಾಜಿನ ಕಟ್ಟಡ, ಯಾವ ಕಂಪನಿ ನೋಡಿದರೂ ಜನ ಬೇಕು. ನನಗೂ ಒಂದು ಕೆಲಸ ಸಿಕ್ಕಿತಲ್ಲ? ಆಫೀಸಿನ ಇಂಟರ್‌ನೆಟ್ಟಿನಲ್ಲಿ ಹವಳ ಸಾಕುವವರ ಚರ್ಚೆಗಳನ್ನು ಹುಡುಕಿ, ಪ್ರಾಜೆಕ್ಟ್ ಕಾಗದಗಳ ನಡುವೆ ತೂರಿಸಿ ಪ್ರಿಂಟ್ ತೆಗೆದು, ಸಂಜೆ ನಿಮಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. "ಅವ ಅಮೆರಿಕದಲ್ಲಿ ಕೂತು ಬರೀತಾನೆ, ಅವನಿಗೆ ನಮ್ಮ ಕಲ್ಕತ್ತದ ಮೇ ತಿಂಗಳು ಗೊತ್ತುಂಟಾ?" ಎನ್ನುತ್ತಿದ್ದಿರಿ. ಆ ಬೇಸಿಗೆಯಲ್ಲಿ ಕರೆಂಟು ಹೋದರೆ ನಮ್ಮಿಬ್ಬರ ಓಡಾಟವೇ ಓಡಾಟ. ನೀವು ಬ್ಯಾಟರಿ ಪಂಪು ಹಚ್ಚುವುದು, ನಾನು ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿದ ನೀರಿನ ಬಾಟಲಿ ತಂದು ತೊಟ್ಟಿಯಲ್ಲಿ ತೇಲಿಬಿಡುವುದು. "ನಾನು ತುರಿದಿಟ್ಟ ಕಾಯಿಗೆ ಜಾಗ ಇಲ್ಲ, ಇವರ ಎರಡನೇ ಸಂಸಾರಕ್ಕೆ ಜಾಗ ಉಂಟು!" ಎಂದು ಅತ್ತೆ ಒಳಗಿಂದಲೇ ಗೊಣಗುತ್ತಿದ್ದರು.

ಬೆಳಿಗ್ಗೆ ತೊಟ್ಟಿಯ ದೀಪ ಹಾಕಿದ ಸ್ವಲ್ಪ ಹೊತ್ತಿಗೆ ನಿಮ್ಮ ಕೂಗು ಕೇಳುತ್ತಿತ್ತು. "ಇಲ್ಲಿ ಬಾ ಮಾರಾಯ್ತಿ, ಅರಳಿತು ನೋಡು!" ಅತ್ತೆ ಒಂದು ದಿನವಾದರೂ ಬಂದರೇ? "ನನ್ನ ದೋಸೆ ಕರಟ್ತದೆ, ನೀವೇ ನೋಡಿಕೊಳ್ಳಿ." ಸಂಜೆ ಕರೆದರೆ ಕೈಯಲ್ಲಿ ಹೂವು ಇದೆ, ಬಿಟ್ಟರೆ ನಾರು ಬಿಚ್ಚುತ್ತದೆ ಎನ್ನುತ್ತಿದ್ದರು. ಲೇಕ್ ಮಾರ್ಕೆಟ್ಟಿನಲ್ಲಿ ಕಟ್ಟಿದ ಮಲ್ಲಿಗೆಯೇ ಸಿಗುತ್ತದಲ್ಲ ಎಂದು ನಾನೊಮ್ಮೆ ಹೇಳಿ ಅತ್ತೆಯಿಂದ ಬೈಸಿಕೊಂಡಿದ್ದೆ. "ಅದು ಕಟ್ಟಿದ್ದಾ? ಉರುಳು ಹಾಕಿದ್ದು!" ಒಮ್ಮೊಮ್ಮೆ ಹವಳ ಮೊಗ್ಗುಗಳನ್ನೆಲ್ಲ ಒಳಗೆಳೆದುಕೊಂಡು, ಮೈಮೇಲೆ ಮೇಣದಂಥ ಪೊರೆ ಹೊದ್ದು ದಿನಗಟ್ಟಲೆ ಮುದುಡಿರುತ್ತಿತ್ತು. ಸತ್ತೇಹೋಯಿತು ಎಂದು ನನಗೆ ಗಾಬರಿ. "ಸುಮ್ಮನಿರು, ನಿನ್ನ ಅತ್ತೆಯ ಹಾಗೆ ಮುನಿಸಿಕೊಂಡದ್ದು. ಪೊರೆ ಬಿಟ್ಟ ಮೇಲೆ ತಾನೇ ಅರಳ್ತದೆ" ಎಂದು ನೀವು ಪೇಪರ್ ಓದುತ್ತ ಕೂರುತ್ತಿದ್ದಿರಿ.

ಆ ಬೆಳಿಗ್ಗೆ ತೊಟ್ಟಿಯೊಳಗಿನ ಕಲ್ಲು ಸರಿಮಾಡಿದ ಒದ್ದೆ ಕೈಯಲ್ಲೇ ಎದೆ ಹಿಡಿದುಕೊಂಡು ಈ ಕುರ್ಚಿಯಲ್ಲಿ ಕೂತಿರಿ. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಅತ್ತೆ ದೇವರ ಮಂಟಪದಿಂದ ಗಂಗೆಯ ತಾಮ್ರದ ಗಿಂಡಿಯನ್ನು ಚೀಲಕ್ಕೆ ಹಾಕಿಕೊಂಡಿದ್ದು ನಿಮಗೆ ಗೊತ್ತಿರಲಾರದು. ನಿಮ್ಮ ಮದುವೆಯಾದ ಹೊಸತರಲ್ಲಿ ಕಾಶಿಯಿಂದ ತಂದದ್ದು, ಬಾಯಿಗೆ ಬೆಸುಗೆ ಹಾಕಿದ್ದು. "ಹೌರಾದಲ್ಲಿ ನನ್ನ ಆಫೀಸಿನ ಬುಡದಲ್ಲೇ ಗಂಗೆ ಹರೀತಾಳೆ, ಇವಳಿಗೆ ಡಬ್ಬಿ ಗಂಗೆಯೇ ಆಗ್ಬೇಕು" ಎಂದು ನೀವು ಚೇಷ್ಟೆ ಮಾಡುತ್ತಿದ್ದಿರಲ್ಲ, ಅದೇ. ಐಸಿಯು ಬಾಗಿಲಲ್ಲಿ ಅವರನ್ನು ಒಳಗೆ ಬಿಡಲಿಲ್ಲ. ಬಿಟ್ಟಾಗ ನೀವು... ಕೊನೆಯ ಗುಟುಕಿಗೆಂದು ಅಷ್ಟು ವರ್ಷ ಕಾದಿಟ್ಟ ನೀರು ನಿಮ್ಮ ಬಾಯಿಗೆ ಬೀಳಲೇ ಇಲ್ಲ. ಅತ್ತೆ ಆ ಗಿಂಡಿಯನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದರು. ನನಗೆ ಅವರ ಪಕ್ಕ ಕೂರಲೂ ಆಗಲಿಲ್ಲ.

ಉತ್ತರಕ್ರಿಯೆಯಾಗಿ ಬೊಜ್ಜದ ಊಟ ಮುಗಿದು, ಊರಿಂದ ಬಂದ ನೆಂಟರು ಹೌರಾದಲ್ಲಿ ರೈಲು ಹತ್ತಿದ ಮೇಲೆ ನಾನು ಮತ್ತೆ ಆಫೀಸಿಗೆ ಹೋಗತೊಡಗಿದೆ. ಒಂದು ಸಂಜೆ ಬಂದು ನೋಡಿದರೆ ಹವಳದ ಜೊತೆಗೆ ನೀವು ಸಾಕಿದ್ದ ಸೀಗಡಿ ಮಗುಚಿ ಬಿದ್ದಿದೆ, ಹವಳ ಕುಗ್ಗಿ ಬೂದಿಯ ಬಣ್ಣಕ್ಕೆ ತಿರುಗಿದೆ. ಮಂಟಪದಲ್ಲಿ ಗಿಂಡಿಯ ಬೆಸುಗೆ ಒಡೆದಿತ್ತು, ಒಳಗೆಲ್ಲ ಹಸಿರು ಕಿಲುಬು. "ಅವರ ಬಾಯಿಗಂತೂ ಬೀಳಲಿಲ್ಲ. ಅವರ ಜೀವ ಇದ್ದದ್ದು ಇದರಲ್ಲೇ ಅಲ್ವಾ? ಇದಕ್ಕಾದ್ರೂ ಸಿಗಲಿ ಅಂತ ಬಿಟ್ಟೆ" ಎಂದರು ಅತ್ತೆ. ತಾಮ್ರ, ಮಾವ! ಹವಳಕ್ಕೆ ತಾಮ್ರ ವಿಷ ಎಂಬ ಸಾಲಿನ ಕೆಳಗೆ ನಾವಿಬ್ಬರೂ ಕೂತು ಗೆರೆ ಎಳೆದಿದ್ದೆವಲ್ಲ? ಅದನ್ನು ಅತ್ತೆಗೆ ಯಾವ ಬಾಯಲ್ಲಿ ಹೇಳಲಿ? ಗಂಡನನ್ನು ಕಳೆದುಕೊಂಡವರಿಗೆ, ಅವರದ್ದೆಂದು ಉಳಿದದ್ದನ್ನು "ನೀವೇ ಕೈಯಾರೆ ಕೊಂದಿರಿ, ಅತ್ತೆ" ಎನ್ನಲೇ? ಸುಧೀರನಿಗಷ್ಟೇ ಹೇಳಿದೆ. ಇಬ್ಬರೂ ಬಾಯಿ ಬಿಡಲಿಲ್ಲ. ಉಪ್ಪುನೀರು ಬೆರೆಸಿ ಬೆರೆಸಿ ಬದಲಿಸಿದೆವು, ವಿಷ ಹೀರಲೆಂದು ಇದ್ದಿಲಿನ ಚೀಲ ಇಳಿಬಿಟ್ಟೆವು. ಹವಳ ಕಣ್ಣು ತೆರೆಯಲಿಲ್ಲ.

ಬಿಮಲ್‌ದಾ ಬಂದ ದಿನ ಗುಟ್ಟು ರಟ್ಟಾಯಿತು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು, ನಾನು ಮೆಲ್ಲಗೆ ವಿಷಯ ಹೇಳಿದೆ. "ಸರ್ಬೊನಾಶ್! ತಾಂಬೇ ಕಾ ಪಾನಿ ಕಿಸ್ನೆ ಡಾಲಾ?" ಎಂದು, ತಾಮ್ರದ ನೀರು ಹಾಕಿದವರು ಯಾರೆಂದು ಕೂಗಿಯೇಬಿಟ್ಟರು. ಅಷ್ಟೊತ್ತಿಗೆ ಅತ್ತೆ ಕಾಫಿ ಹಿಡಿದು ಹಿಂದೆಯೇ ನಿಂತಿದ್ದರು. ಅಷ್ಟು ಹಿಂದಿ ಅವರಿಗೆ ಬರುತ್ತದೆ.

"ಹಾಗಾದ್ರೆ ನಾನೇ ಕೊಂದದ್ದಾ ಇದನ್ನು?"

"ಅಯ್ಯೋ, ಹಾಗಲ್ಲ ಅತ್ತೆ..." ಎಂದೆ. ಅತ್ತೆ ಲೋಟವನ್ನು ಕೆಳಗಿಟ್ಟು ನೆಲದ ಮೇಲೆಯೇ ಕೂತರು. ಬಿಮಲ್‌ದಾ ಅವರ ಮುಖ ಸಣ್ಣದಾಯಿತು. ಮತ್ತೊಮ್ಮೆ ಬಗ್ಗಿ ನೋಡಿ, "ಅಭೀ ಜಾನ್ ಹೈ, ಬೌದಿ" ಎಂದು ಅತ್ತೆಗೆ ಹೇಳಿದರು. ಜೀವ ಇನ್ನೂ ಇದೆ, ಬುಡ ಕೊಳೆಯುತ್ತಿದೆ, ಕೊಡೆಯ ಒಂದು ಅಂಚು ಮಾತ್ರ ಇನ್ನೂ ಗಟ್ಟಿಯಾಗಿದೆ, ಅಷ್ಟನ್ನು ಕತ್ತರಿಸಿ ಬೇರೆ ಕಲ್ಲಿಗೆ ಕಟ್ಟಿದರೆ ಹಿಡಿದುಕೊಂಡರೂ ಹಿಡಿದುಕೊಂಡೀತು ಎಂದರು.

ಕಟ್ಟುವುದೇ ಕಷ್ಟ ಎಂದು ನೀವು ಹೇಳುತ್ತಿದ್ದಿರಿ. ಮೈ ಲೋಳೆ, ಅಂಟು ನಿಲ್ಲುವುದಿಲ್ಲ. ದಾರ ಸಡಿಲವಾದರೆ ಜಾರುತ್ತದೆ, ಬಿಗಿಯಾದರೆ ಮಾಂಸವನ್ನೇ ಕೊಯ್ಯುತ್ತದೆ. ಬಿಮಲ್‌ದಾ ಚೂರನ್ನು ಕತ್ತರಿಸಿ ಉಪ್ಪುನೀರಿನ ಬೋಗುಣಿಗೆ ಹಾಕಿದರು, ಆದರೆ ಕಟ್ಟಲು ಅವರ ಬೆರಳು ನಡುಗುತ್ತವೆ. ನಾನು ಹೊಲಿಗೆಯ ದಾರ ಸುತ್ತಿ ಎಳೆದೆ. "ನೀನು ಕಟ್ಟುದಾ, ಉರುಳು ಹಾಕುದಾ?" ಎಂದಿತು ಹಿಂದಿನಿಂದ ಒಂದು ದನಿ. ಅತ್ತೆ ಎದ್ದು ಒಳಗೆ ಹೋದರು. ನೀವು ಹೋದಂದಿನಿಂದ ಅಟ್ಟದ ಮೇಲೆ ಕವುಚಿಟ್ಟಿದ್ದ ಹೂವಿನ ಬುಟ್ಟಿಯನ್ನು ಇಳಿಸಿದರು. ಬಾಳೆನಾರು ನೆನೆಸಿ, ಸಪೂರಕ್ಕೆ ಸೀಳಿ ತಂದರು. ಸಾಂಬಾರಿಗೆ ಈರುಳ್ಳಿ ಹಾಕಲೂ ಯೋಚಿಸುವವರು, ಆ ಲೋಳೆ ಪ್ರಾಣಿಯನ್ನು ಎಡಗೈ ಬೆರಳಲ್ಲಿ ಹಿಡಿದು, ನಾರನ್ನು ಮೇಲೊಂದು ಕೆಳಗೊಂದು ಸುತ್ತು ತಂದು, ಮಲ್ಲಿಗೆಗೆ ಹಾಕುವ ಗಂಟನ್ನೇ ಹಾಕಿದರು. ಚೂರು ಕಲ್ಲಿನ ಮೇಲೆ ನಿಂತಿತು, ಎಲ್ಲಿಯೂ ನಲುಗಲಿಲ್ಲ. "ಬದುಕ್ತದಾ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ದೊಡ್ಡದು ಉಳಿಯಲಿಲ್ಲ, ಮಾವ. ಅದನ್ನು ತೆಗೆದ ದಿನ ನಾನು ನಿಮಗಾಗಿ ಮತ್ತೊಮ್ಮೆ ಅತ್ತುಬಿಟ್ಟೆ. ಚೂರು ಮಾತ್ರ ಪೊರೆ ಹೊದ್ದು ಮುದುಡಿ ಕೂತಿತು. ಸುಮ್ಮನಿರು, ಮುನಿಸಿಕೊಂಡದ್ದು ಎಂದು ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆ ದಿನವೂ ಈ ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಎಷ್ಟೋ ಸಲ ಅನ್ನಿಸಿತು, ನೀವು ಒಂದೇ ಒಂದು ಗಳಿಗೆ ಬಂದು ನೋಡಿ ಹೇಳಿ ಹೋಗಬಾರದಿತ್ತೇ?

ಇವತ್ತು ಬೆಳಿಗ್ಗೆ ದೋಸೆಯ ಕಾವಲಿಯ ಮುಂದೆ ನಾನಿದ್ದೆ. ಹಜಾರದಿಂದ ಅತ್ತೆಯ ಕೂಗು ಕೇಳಿತು. "ಹೋಯ್, ಇಲ್ಲಿ ಬನ್ನಿ ಮಾರಾಯ್ರೆ, ಅರಳಿತು ನೋಡಿ!" ಸೌಟು ಹಿಡಿದುಕೊಂಡೇ ಓಡಿದೆ. ಪೊರೆ ಕಳಚಿ ನೀರಿನಲ್ಲಿ ತೇಲುತ್ತಿತ್ತು. ನಾರು ಕೊಳೆತು ಬಿಚ್ಚಿಕೊಂಡಿತ್ತು, ಚೂರು ತಾನೇ ಕಲ್ಲನ್ನು ಹಿಡಿದು ನಿಂತಿತ್ತು, ಅಂಚಿನಲ್ಲಿ ಒಂದಿಷ್ಟು ಸಣ್ಣ ಮೊಗ್ಗು. ಆದರೆ ಅತ್ತೆ ಅದನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ನಿಮ್ಮ ಕೋಣೆಯ ಬಾಗಿಲ ಕಡೆ ತಿರುಗಿ, ನಗುಮುಖದಲ್ಲಿ ಕಾಯುತ್ತಿದ್ದರು. ಆಮೇಲೆ ನೆನಪಾಯಿತು ಅವರಿಗೆ.

ಒಳಗೆ ದೋಸೆ ಕರಟಿತು. ಇಬ್ಬರೂ ಒಲೆಯ ಕಡೆ ಹೋಗಲಿಲ್ಲ.

ಹೇಳಬೇಕಿದ್ದ ಸುದ್ದಿ ಇಷ್ಟೇ, ಮಾವ. ಅಷ್ಟು ವರ್ಷ ನೀವು ಕರೆದಿರಿ, ಅವರು ಬರಲಿಲ್ಲ. ಇವತ್ತು ಅವರು ನಿಮ್ಮನ್ನು ಕರೆದರು.

ನಿಮ್ಮ ಸೊಸೆ,
ವೀಣಾ