ಇಂಜಿನ್ ಮೇಲಿನ ಕುಂಕುಮ

ಫೆಬ್ರವರಿ 3, ಮಂಗಳವಾರ. ಸಂಜೆ 7
ಬೆಳಿಗ್ಗೆ ಬ್ಯಾಂಕು. ಮಧ್ಯಾಹ್ನ ಮೊಸರನ್ನ. ಸಂಜೆ ಶ್ರೀದೇವಿಯ ಗಾಡಿ ಸ್ಟಾರ್ಟ್ ಮಾಡಿ ಪಕ್ಕದಲ್ಲಿ ನಿಂತೆ. ನನಗೆ ಬರುವುದು ಅಷ್ಟೇ. ಬನಶಂಕರಿಯ ಅರ್ಧ ಜನಕ್ಕೆ ಡ್ರೈವಿಂಗ್ ಕಲಿಸಿದವಳ ಗಂಡ, ಕಲಿಯಲಿಲ್ಲ. ತನ್ನ ಡ್ರೈವಿಂಗ್ ಸ್ಕೂಲ್ ಮುಚ್ಚಿದ ವರ್ಷ ತನಗೆ ಅಂತ ತಗೊಂಡಳು — ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು, ಎರಡೇ ಸೀಟು. ನವೆಂಬರ್‌ನಲ್ಲಿ ಅವಳು ತೀರಿಹೋದ ಮೇಲೆ ಗಾಡಿ ಗೇಟು ದಾಟಿಲ್ಲ.
ಇವತ್ತು ಟೆಂಪರೇಚರ್ ಮುಳ್ಳು ಏರಿತು. ಏನೋ ಸಿಹಿ ವಾಸನೆ. ಆಫ್ ಮಾಡಿದೆ. ಕೆಳಗೆ ಗುಲಾಬಿ ಬಣ್ಣದ ನೀರು...

ಫೆಬ್ರವರಿ 5
ಹೊಸಕೆರೆಹಳ್ಳಿಯಿಂದ ಕೆಂಪರಾಜು ಬಂದರು. ಸ್ಕೂಲಿನ ಗಾಡಿಗಳನ್ನೆಲ್ಲ ನೋಡ್ತಿದ್ದ ಮೆಕ್ಯಾನಿಕ್.
"ಕೂಲೆಂಟ್ ಸಾರ್, ಇಂಜಿನ್ ತಣ್ಣಗಿಡೋ ನೀರು. ಎಲ್ಲೋ ಲೀಕು." ಹೋಸ್ ಪೈಪ್ ಜಾಯಿಂಟಲ್ಲಿ ಗುಲಾಬಿ ಕಲೆ ಒಣಗಿತ್ತು. "ಸಿಕ್ದ ನೋಡಿ ಕಳ್ಳ!"
ಪೈಪ್ ಬದಲಾಯಿಸಿದರು. "ಇದೇ ಆಗಿದ್ರೆ ಬಚಾವು. ಹೆಡ್ ಗ್ಯಾಸ್ಕೆಟ್ ಹೋಗಿದ್ರೆ ಇಂಜಿನ್ನೇ ಬಿಚ್ಬೇಕು. ಇದಕ್ಕೆ ಪಾರ್ಟ್ಸ್ ಎಲ್ಲಿ ಸಿಗುತ್ತೆ? ಗುಜರಿಗೇ ಸಾರ್."
ಗುಜರಿ ಅಂದಾಗ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಈ ಮನೆಯಲ್ಲಿ ಅವಳದ್ದು ಅಂತ ಸದ್ದು ಮಾಡುವುದು ಇನ್ನು ಆ ಗಾಡಿ ಒಂದೇ.

ಫೆಬ್ರವರಿ 10
ಮತ್ತೆ ಸೋರಿತು.
ಅವಳ ತಂಗಿ ಸುನಿತಾ ಫೋನ್. "ಭಾವ, ಓಡ್ಸೋಕೂ ಬರಲ್ಲ, ಮಾರೋಕೂ ಬಿಡಲ್ಲ. ಅದೇನು ಶೋಕೇಸ್ ಗೊಂಬೆನಾ?"
ನಗಿಸೋಕೆ ಅಂದಿದ್ದು. ನಕ್ಕೆ ಅನ್ಸುತ್ತೆ.

ಫೆಬ್ರವರಿ 11
ಕೆಂಪರಾಜು ಟಾರ್ಚ್ ಹಿಡಿದು ಬಗ್ಗಿದರು. "ಪೈಪ್ ಹೊಸದು, ಕಲೆ ಮಾತ್ರ ಹಂಗೇ ಇದ್ಯಲ್ಲ?" ನಾನೂ ಬಗ್ಗಿದೆ.
ಕೂಲೆಂಟ್ ಅಲ್ಲ. ಕುಂಕುಮ. ಅದರ ಹಿಂದೆ, ಜಿಡ್ಡಿನಲ್ಲಿ, ಮೂರು ಬೆರಳಿನ ವಿಭೂತಿ. ಆಯುಧಪೂಜೆಗೆ ಎಲ್ಲರೂ ಬಾನೆಟ್‌ಗೆ ಹಚ್ಚಿದರೆ ಇವಳು ಬಾನೆಟ್ ಎತ್ತಿ ಇಂಜಿನ್‌ಗೆ ಹಚ್ಚುವಳು. "ದುಡಿಯೋದು ಇದು ಕಣ್ರೀ."
ಹೇಳಿದೆ. "ಅಯ್ಯೋ ಶಿವನೇ! ಕುಂಕುಮ ನೋಡಿ ಪೈಪ್ ಚೇಂಜ್ ಮಾಡಿದ್ನಾ! ಮೇಡಂ ಇದ್ದಿದ್ರೆ ಸ್ಪ್ಯಾನರ್ ತಗೊಂಡು ಅಟ್ಟಿಸ್ಕೊಂಡ್ ಬರೋರು."
ಇಬ್ಬರೂ ನಕ್ಕೆವು. ಆಮೇಲೆ ಅವರು ಮೆಲ್ಲಗೆ — "ಇಂಜಿನ್ ಪೂರ್ತಿ ತೊಳೀಬೇಕು ಸಾರ್. ಇಲ್ಲಾಂದ್ರೆ ಯಾವುದು ಲೀಕು, ಯಾವುದು ಪೂಜೆ ಅಂತ ಗೊತ್ತಾಗಲ್ಲ."
ಅಷ್ಟು ಜಾಗ ಬಿಟ್ಟು ತೊಳೆಯೋಕಾಗಲ್ವಾ ಅಂದೆ.
"ಅದರ ಕೆಳಗೇ ನಂಗೆ ಡೌಟು."
ಶಿವರಾತ್ರಿ ಕಳೀಲಿ ಅಂದೆ.

ಫೆಬ್ರವರಿ 20, ಶುಕ್ರವಾರ
ಹಬ್ಬ ಮುಗಿದು ಐದು ದಿನ. ಕೆಂಪರಾಜು ಫೋನ್ ಮಾಡಲಿಲ್ಲ. ನಾನೇ ಮಾಡಿದೆ.
ಬಕೆಟ್ ತಂದರು. ಮೊದಲು ನಾನು ಒರೆಸ್ತೀನಿ ಅಂದೆ. ಅವರು ಗೇಟಿನ ಹತ್ತಿರ ಹೋಗಿ ಯಾರಿಗೋ ಫೋನ್ ಮಾಡುವ ಹಾಗೆ ನಿಂತರು.
ನನ್ನ ಮೂರು ಬೆರಳು ಆ ಗುರುತಿನ ಮೇಲೆ ಇಟ್ಟು ನೋಡಿದೆ. ಅವಳದ್ದು ಸಣ್ಣ ಕೈ. ಆಮೇಲೆ ಒರೆಸಿದೆ. ಒಂದೇ ಸಲಕ್ಕೆ ಹೋಗಲಿಲ್ಲ.
ತೊಳೆದು ಒಣಗಿಸಿ, ರೇಡಿಯೇಟರ್ ಬಾಯಿಗೆ ಸೈಕಲ್ ಪಂಪಿನಂಥದ್ದು ಹಾಕಿ ಗಾಳಿ ಒತ್ತಿದರು. ಕಾದೆವು. ಒರೆಸಿದ ಜಾಗದ ಕೆಳಗೆ, ವಾಟರ್ ಪಂಪ್ ಹತ್ತಿರ, ಒಂದು ಹನಿ. ಇನ್ನೊಂದು.
ಆಯಿಲ್ ಕಡ್ಡಿ ತೆಗೆದು ನೋಡಿದರು — ನೀರು ಬೆರೆತಿಲ್ಲ. "ಹೆಡ್ ಅಲ್ಲ ಸಾರ್. ಬರೀ ಪಂಪು. ಬದುಕ್ತು."
ಅವರು ಹೋದ ಮೇಲೆ ಕುಂಕುಮ ಒರೆಸಿದ ಬಟ್ಟೆ ಒಗೆಯಲಿಲ್ಲ. ಕಿಟಕಿ ಮೇಲಿದೆ.

ಫೆಬ್ರವರಿ 28, ಶನಿವಾರ. ಸಂಜೆ 6
ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಪಂಪ್ ಸಿಗದೆ ಚೆನ್ನೈಯಿಂದ ತರಿಸಿದರು. ಇವತ್ತು ಹಾಕಿದರು. ಹೊಸ ಕೂಲೆಂಟ್ ತುಂಬಿ, ಸಿಕ್ಕಿಕೊಂಡ ಗಾಳಿಯನ್ನೆಲ್ಲ ಬಿಟ್ಟರು. ಮುಳ್ಳು ಅರ್ಧಕ್ಕೆ ನಿಂತಿತು. ಅದೇ ಸದ್ದು. ನೆಲ ಒಣಗಿಯೇ ಇದೆ.
"ನಿಂತಲ್ಲೇ ನೋಡಿದ್ರೆ ಸಾಲದು ಸಾರ್. ರೋಡಿಗೆ ಬಿಡ್ಬೇಕು. ಬಿಸಿ ಆಗ್ಬೇಕು."
ಸರಿ ಅಂದೆ.
ನಾಳೆ ಬೆಳಿಗ್ಗೆ ಆರೂವರೆಗೆ ಬರ್ತಾರೆ. ಕನಕಪುರ ರೋಡು. ನಾನು ಎಡಗಡೆ. ಕೆಂಪರಾಜು ಉದ್ದ ಮನುಷ್ಯ — ಅವಳ ಸೀಟು ಹಿಂದಕ್ಕೆ ಸರಿಸಬೇಕು.