ಬೀಗಿತ್ತಿ ನನ್ನ ದೋಣಿ ಹತ್ತಿದ್ದು

ಲಾನ್ ಹಾ ಕೊಲ್ಲಿ, ವಿಯೆಟ್ನಾಂ
ಎಂಟನೇ ತಿಂಗಳ ಹುಣ್ಣಿಮೆಯ ಮರುದಿನ, ೨೦೦೪

ಲುವಾಳ ಅಪ್ಪನಿಗೆ,

ಹೇಗಿದ್ದೀರಿ? ಮೊಣಕಾಲು ನೋವು ಇಳಿಯಿತೇ? ದಕ್ಷಿಣದ ಆ ಬಂದರಿನಲ್ಲಿ ಹಡಗು ರಿಪೇರಿ ಮಾಡಿ ಒದ್ದೆ ಬಟ್ಟೆಯಲ್ಲೇ ಮಲಗುತ್ತೀರಂತೆ. ನಿಮ್ಮ ಜೊತೆಯವರಿಂದ ನನಗೆ ಎಲ್ಲ ಸುದ್ದಿ ಬರುತ್ತದೆ, ಮುಚ್ಚಿಡಬೇಡಿ. ನಾವು ಚೆನ್ನಾಗಿದ್ದೇವೆ. ನಿಮ್ಮಮ್ಮನೂ ಗಟ್ಟಿಯಾಗಿದ್ದಾರೆ, ಬೈಗುಳ ಒಂದು ಚೂರೂ ಕಡಿಮೆಯಾಗಿಲ್ಲ. ಮನೆಯನ್ನು ನೀರಿನ ಮೇಲೆ ತೇಲಿಸುವ ಪೀಪಾಯಿಗಳಲ್ಲಿ ಎರಡನ್ನು ಬದಲಾಯಿಸಿದೆವು. ಈಗ ಅಡುಗೆಮನೆ ವಾಲುವುದಿಲ್ಲ, ಸಾರು ಚೆಲ್ಲುವುದಿಲ್ಲ.

ಇನ್ನು ಲುವಾಳ ಸುದ್ದಿ. ಅವಳನ್ನು ಮೆಚ್ಚಿದ ಬಾವ್‌ನ ತಾಯಿ, ಆ ದಡದ ಪೇಟೆಯ ನ್ಯಾನ್, ನೀರಿನ ಮೇಲಿನ ಮನೆಗೆ ಕಾಲಿಡಲಾರೆ ಎಂದು ಹಟ ಹಿಡಿದದ್ದು ನಿಮಗೆ ಗೊತ್ತೇ ಇದೆ. ನಮ್ಮ ಹಲಗೆಯ ಮೇಲೆ ಕೂತು ಬಾಯಿಬಿಟ್ಟು ಹೆಣ್ಣು ಕೇಳದ ಹೊರತು ಮೊಮ್ಮಗಳನ್ನು ಕೊಡುವುದಿಲ್ಲ ಎಂದು ನಿಮ್ಮಮ್ಮ. ಇಬ್ಬರ ಜಗ್ಗಾಟದಲ್ಲಿ ನಮ್ಮ ಹುಡುಗಿ ಸೊರಗಿಹೋಗಿದ್ದಳು. ಕೊನೆಗೆ ಬಾವ್ ಒಂದು ಉಪಾಯ ಮಾಡಿದ. ಗುಡ್ಡ, ದ್ವೀಪ ಎಲ್ಲ ನೋಡಿಕೊಂಡು ಬರೋಣ ಬಾ ಎಂದು ತಾನು ಅಡುಗೆ ಮಾಡುವ ಪ್ರವಾಸಿ ಹಡಗಿಗೇ ತಾಯಿಯನ್ನು ಹತ್ತಿಸಿದ. ದೊಡ್ಡ ಹಡಗು, ಬಿಳಿ ಬಟ್ಟೆ ಹಾಸಿದ ಮೇಜು, ಅಲುಗಾಟವೇ ಇಲ್ಲ. ಆಕೆ ಏಡಿ ತಿನ್ನುತ್ತ, ಸುಣ್ಣಕಲ್ಲಿನ ಗುಡ್ಡಗಳು ಒಂದೊಂದೇ ಸರಿದು ದಾರಿ ಬಿಡುವುದನ್ನು ನೋಡುತ್ತ ಮಹಾರಾಣಿಯ ಹಾಗೆ ಬಂದಳಂತೆ. ಗುಹೆಯ ಹತ್ತಿರ ಪ್ರವಾಸಿಗರನ್ನು ನಮ್ಮ ಚಿಕ್ಕ ದೋಣಿಗಳಿಗೆ ಇಳಿಸುತ್ತಾರಲ್ಲ, ಆಗ ಅವನು ತಾಯಿಯನ್ನು ಅನಾಮತ್ತಾಗಿ ಎತ್ತಿ ನನ್ನ ದೋಣಿಯಲ್ಲಿ ಕೂರಿಸಿ ಹಗ್ಗ ಬಿಚ್ಚಿಬಿಟ್ಟ. ಬಿಸಿಲಿಗೆಂದು ನಾನು ಮುಖಕ್ಕೆ ಬಟ್ಟೆ ಸುತ್ತಿದ್ದೆ. ಒಮ್ಮೆಯೂ ನನ್ನನ್ನು ನೋಡದವಳಿಗೆ ನಾನು ಯಾರೆಂದು ಹೇಗೆ ತಿಳಿಯಬೇಕು?

ಗುಹೆಯೊಳಗೆ ಹೋದದ್ದೇ ತಡ, ನನ್ನ ಕಾಲು ತಬ್ಬಿಕೊಂಡು ಕಣ್ಣು ಮುಚ್ಚಿದಳು. ಭಯ ಮರೆಯಲೆಂದು ಮಾತಿಗೆಳೆದೆ. ಮನಸ್ಸಿನಲ್ಲಿದ್ದದ್ದೆಲ್ಲ ಹೊರಗೆ ಬಂತು. ಹುಡುಗಿ ಬಂಗಾರದಂಥವಳಂತೆ, ಮಗ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಚಿಕ್ಕ ದೋಣಿ ಕಂಡರೆ ಮೊದಲಿನಿಂದಲೂ ಜೀವ ಹೋಗುತ್ತದಂತೆ, ಅದನ್ನು ಯಾರಿಗೂ ಹೇಳಿಕೊಳ್ಳಲು ನಾಚಿಕೆಯಂತೆ. “ಆ ಹುಡುಗಿ ಅಜ್ಜಿಗೆ ಮಾತ್ರ ಸೊಕ್ಕು ಕಣಮ್ಮಾ, ಇಷ್ಟಿಷ್ಟಲ್ಲ,” ಅಂದಳು. “ಹೌದಕ್ಕಾ, ನಮ್ಮತ್ತೆ ಇರೋದೇ ಹಾಗೆ,” ಅಂದೆ. ಬೆಳಕಿಗೆ ಬಂದ ಮೇಲೆ ಮುಖದ ಬಟ್ಟೆ ತೆಗೆದು, ನಾನೇ ಲುವಾಳ ಅಮ್ಮ ಅಂದೆ. ಆಕೆ ಮೊದಲು ಬೆಪ್ಪಾಗಿ ನೋಡಿದಳು, ಆಮೇಲೆ ನಕ್ಕಳು ನೋಡಿ, ಆ ನಗುವಿಗೆ ದೋಣಿ ಓಲಾಡಿ ಮತ್ತೆ ನನ್ನ ಕಾಲೇ ಗತಿಯಾಯಿತು. ಯಾವ ಕಡೆ ತಿರುಗಿಸಲಿ ಎಂದು ಕೇಳಿದೆ. “ನಿಮ್ಮನೆಗೇ ನಡಿ. ಹಡಗು ಕಾಯ್ಲಿ,” ಅಂದಳು.

ಅಂಬೆಗಾಲಿಟ್ಟು ನಮ್ಮ ಹಲಗೆ ಹತ್ತಿದಳು. ನಿಮ್ಮಮ್ಮ ಅದೆಷ್ಟು ಮಾತು ಕೂಡಿಟ್ಟಿದ್ದರೋ! ಆಕೆ ಹಾಗೆ ತೆವಳುವುದು ಕಂಡದ್ದೇ ತಾವೇ ಎದ್ದು ಹೋಗಿ ಹಿಡಿದೆತ್ತಿ, ಪಕ್ಕದಲ್ಲಿ ಕೂರಿಸಿಕೊಂಡು ಎಲೆಯಡಿಕೆ ಮಡಿಸಿ ಕೊಟ್ಟರು. ಆಕೆ ಬಾಯಿಬಿಟ್ಟು ಹೆಣ್ಣು ಕೇಳಿದಳು. ಒಳಗೆ ಲುವಾ ಖುಷಿಗೆ ಮೀನಿನ ಬುಟ್ಟಿಯನ್ನೇ ಮಗುಚಿ ಹಾಕಿದಳು. ಹತ್ತನೇ ತಿಂಗಳಿಗೆ ಮದುವೆ. ದಿಬ್ಬಣದ ಜೊತೆ ತಾನೇ ಬಂದು ಸೊಸೆಯನ್ನು ಕರೆದೊಯ್ಯುತ್ತಾಳಂತೆ. ಆದರೆ ಬರುವಾಗಲೂ ಹೋಗುವಾಗಲೂ ನಾನು ಹುಟ್ಟು ಹಾಕುವ ದೋಣಿ ಬಿಟ್ಟು ಬೇರೆಯದಕ್ಕೆ ಕಾಲಿಡುವುದಿಲ್ಲವಂತೆ.

ತೊಡಕು ಇರುವುದು ಅಲ್ಲೇ. ಹೆಣ್ಣಿನ ತಾಯಿ ಮಗಳ ಜೊತೆ ಗಂಡಿನ ಮನೆಗೆ ಹೋಗುವ ಹಾಗಿಲ್ಲ, ಮನೆಯಲ್ಲೇ ಉಳಿದು ಅಳಬೇಕು. ನನ್ನಮ್ಮನೂ ಹಾಗೇ ಅತ್ತಳು. ಲುವಾ ಹುಟ್ಟಿದಾಗಿನಿಂದ ಆ ಗಳಿಗೆ ನೆನೆದು ನಾನು ಹೆದರುತ್ತಲೇ ಬಂದಿದ್ದೇನೆ. ನಿಮ್ಮಮ್ಮನ ಮುಖ ನೋಡಿದೆ. ಅಡಿಕೆ ಅಗಿಯುತ್ತ ಕೂತಿದ್ದರು.

ಹೊತ್ತಿಗೆ ಸರಿಯಾಗಿ ಉಣ್ಣಿ. ಇಲ್ಲಿ ಎಲ್ಲರೂ ನಿಮ್ಮನ್ನು ಕೇಳುತ್ತಿರುತ್ತಾರೆ, ನಾಯಿಯೊಂದನ್ನು ಬಿಟ್ಟು. ಅದಕ್ಕೆ ನೀವು ಮರೆತೇ ಹೋಗಿದ್ದೀರಿ.

ನಿಮ್ಮ
ಥೋಮ್

ತಾ.ಕ.: ಕಾಗದ ಮಡಿಸುತ್ತಿರುವಾಗ ನಿಮ್ಮಮ್ಮ ಪಕ್ಕಕ್ಕೆ ಬಂದು ಕೂತರು. ಅವರು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ: “ಹುಡುಗಿ ತಾಯಿ ಹೋಗಬಾರದು ಅಂತ ತಾನೇ ಇರೋದು? ದೋಣಿಯೋಳು ಹೋಗಬಾರದು ಅಂತ ಯಾರು ಹೇಳಿದ್ರೇ? ಹೋಗಿ ಬಿಟ್ಟು ಬಾ.” ನನ್ನ ಮಗಳನ್ನು ನಾನೇ ಕರೆದುಕೊಂಡು ಹೋಗುತ್ತೇನೆ! ಆದರೆ ಮನೆಯಲ್ಲಿ ಉಳಿದು ಅಳುವುದಕ್ಕೆ ಒಬ್ಬರು ಬೇಕೇ ಬೇಕಂತೆ. ಆ ಕೆಲಸಕ್ಕೆ ನಿಮ್ಮ ಹೆಸರು ಹೇಳಿದ್ದೇನೆ. ರಜೆ ಕೇಳಿಕೊಂಡು ಬನ್ನಿ.